ಹರಿತವನ್ನು ಮಾರುವ ಅಂಗಡಿ

ಗೃಹಸ್ಥರ ಮನೆಯೆಂದ ಮೇಲೆ ಅಲ್ಲಿ ಕತ್ತಿಯೊಂದು ಇರಲೇಬೇಕು. ಬೆಳಗಿನ ಪಲ್ಯದ ತರಕಾರಿಯಿಂದ ಹಿಡಿದು ಹಿತ್ತಿಲ ಬಾಳೆಗೊನೆಯವರೆಗೆ ಅದರ ಸೇವೆ ಸಲ್ಲದ ದಿನವಿಲ್ಲ. ಆದರೂ ನಾವು ಅದನ್ನು ನೆನೆಯುವುದು ಅದು ಮೊಂಡಾದಾಗ ಮಾತ್ರ.

ಇಂದು ಮಲೆನಾಡಿನ ಅನೇಕ ಕುಟುಂಬಗಳಲ್ಲಿ ಒಂದು ಪ್ರಶ್ನೆ ಏಳುತ್ತಿದೆ. ಓದು ಮುಗಿಸಿದ ಮಗನೋ ಮಗಳೋ ಪಟ್ಟಣದ ನೌಕರಿಯನ್ನು ಬಿಟ್ಟು, ಊರಿನಲ್ಲಿಯೇ ಅಂಗಡಿ ತೆರೆಯುವೆನೆಂದರೆ ಹಿರಿಯರು ಒಪ್ಪಬೇಕೆ? ಬೆಂಗಳೂರಿನಲ್ಲಿ 2007ರಲ್ಲಿ ಫ್ಲಿಪ್‌ಕಾರ್ಟ್ ಹುಟ್ಟಿತು. 2013ರಲ್ಲಿ ಅಮೆಜಾನ್ ಭಾರತದಲ್ಲಿ ತನ್ನ ಮಾರಾಟ ತಾಣವನ್ನು ತೆರೆಯಿತು. ಅಂದಿನಿಂದ ಉಪ್ಪಿನಕಾಯಿ ಭರಣಿಯೂ ಮೊಬೈಲಿನಲ್ಲಿ ಕೊಂಡು ಮನೆಬಾಗಿಲಿಗೆ ತರಿಸುವ ವಸ್ತುವಾಯಿತು. ಹೀಗಿರುವಾಗ ಬಾಡಿಗೆ ಕಟ್ಟಿ, ದೀಪ ಹಚ್ಚಿ, ಗಿರಾಕಿಗಾಗಿ ಕಾದು ಕುಳಿತುಕೊಳ್ಳುವುದು ಜಾಣತನವೆ? ಈ ಪ್ರಶ್ನೆಯನ್ನು ನಾವು ಕತ್ತಿಗಳಿಗಾಗಿಯೇ ಮೀಸಲಾದ ಒಂದು ಅಂಗಡಿಯನ್ನು ಮುಂದಿಟ್ಟುಕೊಂಡು ವಿಚಾರ ಮಾಡೋಣ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆ ಇಂತಹ ವಿಚಾರಕ್ಕೆ ಬಹಳ ಯೋಗ್ಯವಾದುದು.

ಈ ಮೂರು ತಾಲ್ಲೂಕುಗಳ ಬದುಕು ಕತ್ತಿಯ ಬಾಯಿಯ ಮೇಲೆಯೇ ನಿಂತಿದೆಯೆಂದರೆ ಅತಿಶಯೋಕ್ತಿಯಾಗದು. ಅಡಿಕೆ ತೋಟದವರಿಗೆ ಕೊನೆ ಕೊಯ್ಯುವ ಕತ್ತಿ ಬೇಕು, ಸುಲಿಯಲು ಮೆಟ್ಟುಗತ್ತಿ ಬೇಕು, ತೋಟಕ್ಕೆ ಸೊಪ್ಪು ತರಲು ಬೇರೊಂದು ಕತ್ತಿ ಬೇಕು. ಇಂದು ಕಾರ್ಬನ್ ಫೈಬರಿನ ದೋಟಿ ಬಂದು, ಮರವೇರದೆ ನೆಲದ ಮೇಲೆ ನಿಂತೇ ಕೊನೆ ಇಳಿಸುವಂತಾಗಿದೆ. ಅದರ ತುದಿಯಲ್ಲಿರುವುದೂ ಕತ್ತಿಯೇ. ಸುಲಿಯುವ ಯಂತ್ರಗಳು ಬಂದು ಮೆಟ್ಟುಗತ್ತಿಯ ಕೆಲಸ ಕಡಿಮೆಯಾಗಿದೆಯೆಂಬುದನ್ನೂ ಮರೆಯಲಾಗದು. ಕಾಫಿ ತೋಟದಲ್ಲಿ ಗಿಡಗಸಿಗೆ ಒಂದು ಬಗೆಯ ಅಲಗು, ನೆರಳಿನ ಮರಗಸಿಗೆ ಇನ್ನೊಂದು. ಬಾಳೆಹೊನ್ನೂರಿನ ಬಳಿ 1925ರಲ್ಲಿಯೇ ಕಾಫಿ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತೆಂದರೆ ಈ ಬೆಳೆಯ ಬೇರು ಇಲ್ಲಿ ಎಷ್ಟು ಆಳವೆಂದು ತಿಳಿಯಬಹುದು. ಹಿಂದೆ ಎಡೆಹಳ್ಳಿಯೆನಿಸಿದ್ದ ನರಸಿಂಹರಾಜಪುರದ ಕಡೆ ರಬ್ಬರ್ ತೋಟಗಳಿವೆ. ಹಾಲು ಇಳಿಸುವ ಕತ್ತಿ ಮರದ ತೊಗಟೆಯನ್ನು ಕೂದಲೆಳೆಯಷ್ಟು ತೆಳ್ಳಗೆ ಸವರಬೇಕಾದುದರಿಂದ ಅದಕ್ಕೆ ಪದೇ ಪದೇ ಮಸೆತ ಬೇಕು. ಶೃಂಗೇರಿಯಂತಹ ಕ್ಷೇತ್ರದಲ್ಲಿ ನಿತ್ಯವೂ ಯಾತ್ರಿಕರಿಗಾಗಿ ದೊಡ್ಡ ಅಡುಗೆ ನಡೆಯುತ್ತದೆ. ಇವೆಲ್ಲದರ ಮೇಲೆ ಪ್ರತಿ ಮನೆಯಲ್ಲಿಯೂ ಈಳಿಗೆಮಣೆ, ಅಡಕತ್ತರಿಗಳು ಇದ್ದೇ ಇರುತ್ತವೆ.

ಇಷ್ಟು ಬಗೆಯ ಅಲಗುಗಳಲ್ಲಿ ಯಾವುದನ್ನು ಮೊಬೈಲಿನ ಚಿತ್ರ ನೋಡಿ ಕೊಳ್ಳಬಹುದು? ಪೇಟೆಯ ಅಡುಗೆಮನೆಗೆ ಬೇಕಾದ ಸಣ್ಣ ಸ್ಟೀಲ್ ಚಾಕುವನ್ನು ಕೊಳ್ಳಬಹುದು. ಅದರ ಬೆಲೆಯೂ ಅಲ್ಲಿಯೇ ಅಗ್ಗವಾಗಿರಬಹುದು. ಆದರೆ ದಿನವಿಡೀ ಹಿಡಿದು ದುಡಿಯುವ ಕತ್ತಿಯ ತೂಕ ಅಂಗೈಗೆ ತಿಳಿಯಬೇಕು. ಹಿಡಿ ದಪ್ಪವಾದರೆ ಹೆಣ್ಣುಮಕ್ಕಳ ಕೈಗೆ ನೋವು. ಸಣ್ಣದಾದರೆ ಬೆವರಿದ ಕೈಯಿಂದ ಜಾರುವ ಭಯ. ಒಂದೇ ಬದಿಗೆ ಮಸೆದ ಅಲಗು ಬಲಗೈಯವರಿಗೆಂದೇ ಮಾಡಿದುದಾಗಿದ್ದರೆ ಎಡಗೈಯವರಿಗೆ ನಿಷ್ಪ್ರಯೋಜಕ. ಲೋಹದ ವಿಚಾರವೂ ಹೀಗೆಯೇ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕಿನಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇರುತ್ತದೆ. ಮಳೆಗಾಲದ ಮಲೆನಾಡಿಗೆ ಅದು ಅನುಕೂಲವೇ. ಕುಲುಮೆಯ ಇಂಗಾಲದ ಉಕ್ಕಾದರೋ ಬೇಗ ಹರಿತವಾಗುತ್ತದೆ, ಆದರೆ ಒಂದು ರಾತ್ರಿ ಒದ್ದೆಯಾಗಿ ಬಿಟ್ಟರೆ ಕೆಂಪಗಾಗುತ್ತದೆ. ಒರೆಸಿ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿಡಬೇಕು. ಇಂತಹ ಮಾತನ್ನು ಗಿರಾಕಿಯ ಕೆಲಸ ಕೇಳಿ ತಿಳಿದು ಹೇಳುವವನು ಎದುರಿಗಿರಬೇಕಾಗುತ್ತದೆ.

ಎಲ್ಲಕ್ಕಿಂತ ಮಿಗಿಲಾದ ವಿಚಾರವೆಂದರೆ ಕತ್ತಿ ಕೊಂಡ ದಿನಕ್ಕೆ ಅದರ ವ್ಯವಹಾರ ಮುಗಿಯುವುದಿಲ್ಲ. ಎಂತಹ ಅಲಗೂ ಬಳಸಿದಂತೆ ಮೊಂಡಾಗುತ್ತದೆ. ಮೊಂಡು ಕತ್ತಿಗೆ ಹೆಚ್ಚು ಒತ್ತಡ ಹಾಕಬೇಕಾಗುವುದರಿಂದ ಅದು ಜಾರಿ ಬೆರಳನ್ನು ಕೊಯ್ಯುವ ಅಪಾಯವೂ ಹೆಚ್ಚು. ಅಡುಗೆಯ ಚಾಕುವಿಗೆ ಪ್ರತಿ ಬದಿಗೆ ಸುಮಾರು 15ರಿಂದ 20 ಡಿಗ್ರಿ ಕೋನದ ಮಸೆತ ಸಾಕು. ಕೊಂಬೆ ಕಡಿಯುವ ಕತ್ತಿಗೆ ಅದಕ್ಕಿಂತ ದಪ್ಪನಾದ ಬಾಯಿ ಬೇಕು. ಇವೆರಡನ್ನೂ ಒಂದೇ ರೀತಿ ಸಾಣೆಗೆ ಹಿಡಿದರೆ ಒಂದು ಕೆಡುವುದು ನಿಶ್ಚಯ. ದೂರದ ಗೋದಾಮಿನಿಂದ ಬಂದ ಪೆಟ್ಟಿಗೆಗೆ ಈ ಹೊಣೆಯಿಲ್ಲ. ಆದುದರಿಂದ ಊರಿನ ಅಂಗಡಿಯವರು ತಾವು ಮಾರುವುದು ಹರಿತವನ್ನು ಎಂದು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಎಲ್ಲಿಯೇ ಕೊಂಡ ಕತ್ತಿಯಾದರೂ ನ್ಯಾಯವಾದ ದರಕ್ಕೆ ಮಸೆದುಕೊಡುವ ಅಂಗಡಿಗೆ ಆನ್‌ಲೈನ್ ಕೊಂಡವರೂ ಗಿರಾಕಿಗಳೇ ಆಗುತ್ತಾರೆ.

ಇಲ್ಲಿ ಕಮ್ಮಾರರನ್ನು ನೆನೆಯದೆ ಮುಂದೆ ಹೋಗಲಾಗದು. ಲಾರಿಯ ಹಳೆಯ ಕಮಾನುಪಟ್ಟಿಯನ್ನು ಕಾಸಿ ಬಡಿದು ಕತ್ತಿ ಮಾಡುವ ಕುಶಲತೆ ನಮ್ಮ ಹಳ್ಳಿಗಳ ಕುಲುಮೆಗಳಲ್ಲಿದೆ. ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಂಪಗಾದ ಅಲಗನ್ನು ಒಮ್ಮೆಲೇ ತಣಿಸಿದರೆ ಬಾಯಿ ಗಡುಸಾಗುತ್ತದೆ, ಜೊತೆಗೆ ಗಾಜಿನಂತೆ ಸಿಡಿಯುವ ಗುಣವೂ ಬರುತ್ತದೆ. ಪುನಃ ಮೆಲ್ಲನೆ ಶಾಖ ತೋರಿಸಿ ಆ ದೋಷವನ್ನು ಕಳೆಯುವುದೇ ಹದ. ಈ ಹದವನ್ನು ಅನುಭವಿಗಳು ಬಣ್ಣ ನೋಡಿಯೇ ಅರಿಯುತ್ತಾರೆ. ಕುಲುಮೆಯವರ ಮಕ್ಕಳು ಬೇರೆ ದುಡಿಮೆಗೆ ಹೋದರೆ ಈ ಅರಿವು ಅವರ ತಂದೆಯವರೊಂದಿಗೇ ಮುಗಿಯುತ್ತದೆ. ಆಗ ಕೊಯ್ಲಿನ ಕಾಲದಲ್ಲಿ ಕತ್ತಿ ಹಣಿಸಲು ಎಲ್ಲಿಗೆ ಹೋಗುವುದು? ಅಂಗಡಿಯವರು ಮಳೆಗಾಲದಲ್ಲಿಯೇ ಮುಂಗಡ ಕೊಟ್ಟು ಕೆಲಸ ವಹಿಸಿ, ಚೌಕಾಶಿ ಮಾಡದೆ, ಅಲಗಿನ ಮೇಲೆ ಮಾಡಿದವರ ಗುರುತು ಒತ್ತಿಸಿದರೆ ಕುಲುಮೆಯೂ ಉಳಿಯುತ್ತದೆ, ಅಂಗಡಿಗೂ ಬೇರೆಲ್ಲಿಯೂ ದೊರೆಯದ ಸರಕು ದೊರೆಯುತ್ತದೆ.

ಪರದೇಶಗಳಲ್ಲಿಯೂ ಇದೇ ಬಗೆಯ ದಾರಿ ಫಲ ಕೊಟ್ಟಿದೆ. ಜಪಾನಿಗೆ 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ತಂಬಾಕು ಬಂದಾಗ, ಅದರ ಎಲೆ ಕತ್ತರಿಸುವ ಕತ್ತಿಗಳಿಂದ ಸಾಕಾಯ್ ಎಂಬ ಊರು ಹೆಸರುವಾಸಿಯಾಯಿತು; ಇಂದಿಗೂ ಅದು ಅಡುಗೆಯ ಕತ್ತಿಗಳ ಊರು. ಕ್ಯೋಟೋ ನಗರದ ನಿಶಿಕಿ ಪೇಟೆಯಲ್ಲಿರುವ ಅರಿತ್ಸುಗು ಎಂಬ ಅಂಗಡಿಯ ಮೂಲ 1560ರದು. ಕೊಂಡವರ ಹೆಸರನ್ನು ಅಲಗಿನ ಮೇಲೆ ಕೊರೆದುಕೊಡುವುದು ಅಲ್ಲಿಯ ವಾಡಿಕೆ. ಜರ್ಮನಿಯ ಸೋಲಿಂಗೆನ್ ಊರಿನ ಹೆಸರಿಗೆ 1938ರಿಂದ ಕಾನೂನಿನ ರಕ್ಷಣೆಯಿದೆ. ನಮ್ಮ ದೇಶದಲ್ಲಿಯೇ ಮೀರತ್ತಿನ ಕತ್ತರಿಗಳಿಗೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ತಂಬಾಕು ಒಂದು ಊರಿನ ಕತ್ತಿಗೆ ಕೀರ್ತಿ ತಂದಿತೆಂದರೆ ಅಡಿಕೆ, ಕಾಫಿಗಳು ಕೊಪ್ಪದ ಕತ್ತಿಗೆ ತರಲಾರವೆ?

ಅಂಗಡಿ ತೆರೆಯುವವರು ಕೆಲವು ವಿಷಯಗಳನ್ನು ಮೊದಲೇ ತಿಳಿದಿರಬೇಕು. 1959ರ ಶಸ್ತ್ರಾಸ್ತ್ರ ಕಾಯಿದೆಯಡಿಯ 2016ರ ನಿಯಮಗಳು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗಿನ ಚೂರಿಗಳನ್ನು ಆಯುಧಗಳಲ್ಲಿ ಎಣಿಸುತ್ತವೆ. ಗೃಹಕೃತ್ಯಕ್ಕೆ, ಕೃಷಿಗೆ, ಕೈಗಾರಿಕೆಗೆಂದು ಮಾಡಿದವುಗಳಿಗೆ ವಿನಾಯಿತಿಯಿದೆ. ಅಲಂಕಾರದ ಕಠಾರಿಗಳ ಆಸೆಗೆ ಬೀಳದೆ ದುಡಿಮೆಯ ಕತ್ತಿಗಳನ್ನಷ್ಟೇ ಇಡುವುದು ಕ್ಷೇಮ. ಮಕ್ಕಳ ಕೈಗೆ ಮಾರಲಾಗದೆಂಬ ನಿಯಮವನ್ನು ಅಂಗಡಿಯವರು ತಾವೇ ಹಾಕಿಕೊಳ್ಳಬೇಕು. ಕುಲುಮೆಯವರಿಗಾಗಿ 2023ರ ಸೆಪ್ಟೆಂಬರ್ 17ರಂದು ಪ್ರಾರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಸೇರಿದೆ. ಉಪಕರಣಗಳಿಗೆ 15,000 ರೂಪಾಯಿ, ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅನಂತರ 2 ಲಕ್ಷ ರೂಪಾಯಿಗಳವರೆಗೆ ಆಧಾರರಹಿತ ಸಾಲ ಅದರಲ್ಲಿವೆ. ಓದಿದ ಅಂಗಡಿಯವರು ಅರ್ಜಿ ತುಂಬಿಸಲು ನೆರವಾದರೆ ಅದೂ ಒಂದು ಸೇವೆ.

ತೋಟ ಒತ್ತೆಯಿಟ್ಟು ದೊಡ್ಡ ಅಂಗಡಿ ಹಾಕುವುದನ್ನು ನಾವು ಒಪ್ಪುವುದಿಲ್ಲ. ವ್ಯಾಪಾರವೂ ಋತುವನ್ನು ಅನುಸರಿಸುತ್ತದೆ. ಆಯುಧಪೂಜೆಯಿಂದ ಕೊಯ್ಲು ಮುಗಿಯುವವರೆಗೆ ಬಿಡುವಿಲ್ಲ. ಆಷಾಢದ ಮಳೆಯಲ್ಲಿ ಬೀದಿಯೇ ಖಾಲಿ. ಒಂದು ಸಣ್ಣ ಕೋಣೆ, ಒಂದು ಸಾಣೆ ಯಂತ್ರ, ಒಳ್ಳೆಯ ಮಸೆಗಲ್ಲುಗಳು, ಆಯ್ದ ಸರಕು ಇವಿಷ್ಟರಿಂದ ಮೊದಲಿಡಲಿ. ವಾರಕ್ಕೊಂದು ದಿನ ಮಸೆಯುವ ಕೆಲಸವನ್ನು ಶೃಂಗೇರಿಗೂ ನರಸಿಂಹರಾಜಪುರಕ್ಕೂ ಕೊಂಡೊಯ್ಯಲಿ. ದೂರದ ತೋಟದವರ ಬೇಡಿಕೆಯನ್ನು ವಾಟ್ಸಾಪಿನಲ್ಲಿ ಪಡೆಯಲಿ. ಹೊಸ ಸಾಧನವನ್ನು ದ್ವೇಷಿಸಬೇಕಾದ ಕಾರಣವಿಲ್ಲ. ಒಂದೆರಡು ವರ್ಷ ಮಸೆಯುವುದನ್ನು ಕಲಿತು, ಕುಲುಮೆಯಲ್ಲಿ ಕುಳಿತು ನೋಡಿದ ಮೇಲೆಯೇ ಹಲಗೆ ತೂಗುಹಾಕಲಿ.

ಬಿದಿರು ಸೀಳಿ ಮೊರ ಬುಟ್ಟಿ ಹೆಣೆದ ಮೇದಾರ ಕೇತಯ್ಯನವರ, ಸೌದೆ ಹೊರೆ ಮಾರಿದ ಮೋಳಿಗೆ ಮಾರಯ್ಯನವರ ಕಾಯಕಕ್ಕೆ ಹರಿತವಾದ ಅಲಗು ಬೇಕಾಗಿತ್ತು. ಆ ಅಲಗನ್ನು ಹದ ಮಾಡಿದ ಕೈಯೂ ಆ ಕಾಯಕದಲ್ಲಿ ಪಾಲು ಪಡೆಯಿತೆಂದೇ ನಾವು ತಿಳಿಯುತ್ತೇವೆ. ನಮ್ಮ ಮನೆಯ ಮಕ್ಕಳು ಸಾಣೆಯ ಮುಂದೆ ಕುಳಿತುಕೊಳ್ಳಲು ಮುಂದೆ ಬಂದರೆ ಹಿರಿಯರು ಅದನ್ನು ಕೀಳೆಂದು ಬಗೆಯದಿರಲಿ. ಬರುವ ಮಹಾನವಮಿಗೆ ಮುನ್ನ ಮನೆಯ ಮೊಂಡು ಕತ್ತಿಗಳನ್ನೆಲ್ಲ ಒಟ್ಟುಗೂಡಿಸಿ ಹತ್ತಿರದ ಕುಲುಮೆಗೋ ಮಸೆಯುವವರಿಗೋ ಕೊಟ್ಟು, ಕೇಳಿದಷ್ಟು ಕೂಲಿಯನ್ನು ಸಂತೋಷದಿಂದ ಸಲ್ಲಿಸಿರೆಂದು ನಮ್ಮ ಬಂಧುಗಳಲ್ಲಿ ವಿನಂತಿಸುತ್ತೇವೆ.