ಡಾಕ್ಟರ ಚೀಟಿ: ಎಣ್ಣೆ ಕುಡಿಯುವ ರೋಗಿ

ಕಳೆದ ಯುಗಾದಿ ಸಂಚಿಕೆಯಲ್ಲಿ ಕೊಲೆಸ್ಟರಾಲ್ ಬಗ್ಗೆ ಬರೆದದ್ದನ್ನು ಓದಿ ಹಲವರು ಫೋನ್ ಮಾಡಿದಿರಿ, ಸಂತೋಷ. ಈ ದೀಪಾವಳಿಗೆ ನಾನು ಹೇಳಹೊರಟಿರುವ ರೋಗಿ ಸ್ವಲ್ಪ ಬೇರೆ ಥರದವನು. 2023ರಲ್ಲಿ ನನ್ನ ಕೈಗೆ ಸಿಕ್ಕಾಗ ಅವನ ವಯಸ್ಸು 15, ಓಡಿದ್ದು 1,62,000 ಮೈಲಿ. ದೂರು ಒಂದೇ: ಸಾವಿರ ಮೈಲಿಗೆ ಒಂದು ಕ್ವಾರ್ಟ್ ಎಣ್ಣೆ ಕುಡಿಯುತ್ತಾನೆ. ನಗಬೇಡಿ, ನಾನು ಹೇಳುತ್ತಿರುವುದು ನಮ್ಮ ಮನೆಯ ಹಳೇ ಕಾರಿನ ವಿಚಾರ. ಎರಡು ವರ್ಷದಲ್ಲಿ ಮಗಳು ಅದೇ ಕಾರಿನಲ್ಲಿ ನಾಲ್ಕು ಗಂಟೆ ದೂರದ ಕಾಲೇಜಿಗೆ ಹೋಗುವವಳಿದ್ದಳು. ಹೊಸದು ಕೊಡಿಸಿಬಿಡಿ ಎಂದಳು ನಮ್ಮವಳು. ಟ್ಯೂಷನ್ ಫೀಸಿನ ಕಾಗದ ತೋರಿಸಿದೆ, ಸುಮ್ಮನಾದಳು.

ಡಾಕ್ಟರಾದವನು ಮೊದಲು ಹಿಸ್ಟರಿ ಕೇಳಬೇಕು. 2008ರಲ್ಲಿ ಕೊಂಡ ಕಾರು. ಮೊದಲ ಒಂಬತ್ತು ವರ್ಷ ದಿನಾ ಹೋಗಿಬರಲು 60 ಮೈಲಿ, ಎಲ್ಲಾ ಹೈವೇ. 1,40,000 ಮೈಲಿ ಆಗುವವರೆಗೂ ಒಂದು ಹನಿ ಎಣ್ಣೆ ಕುಡಿದವನಲ್ಲ. 2017ರಲ್ಲಿ ಆಸ್ಪತ್ರೆಗೆ ಮೂರೇ ಮೈಲಿ ದೂರದ ಮನೆಗೆ ಬಂದೆವು. ಕಾರಿಗೆ ಈಗ ವಿಶ್ರಾಂತಿ ಎಂದುಕೊಂಡೆ. ಓಡುವುದೇ ಕಡಿಮೆಯಾದಾಗ ದುಬಾರಿ ಎಣ್ಣೆ ಯಾಕೆ ಎಂದು ಅಗ್ಗದ್ದು ಹಾಕಿಸಿದೆ. 7,500 ಮೈಲಿ ಆಗಲಿ ಎಂದು ಕಾಯುತ್ತಾ ಎರಡು ವರ್ಷ ಒಂದೇ ಎಣ್ಣೆಯಲ್ಲಿ ಓಡಿಸಿದ್ದೂ ಉಂಟು. ರೋಗಿಗಳಿಗೆ ಚೆಕಪ್ ತಪ್ಪಿಸಬೇಡಿ ಎಂದು ಬೈಯುವವನು ನಾನೇ!

ರೋಗ ಹುಟ್ಟಿದ್ದು ಅಲ್ಲಿ. ಒಂದು ಗ್ಯಾಲನ್ ಗ್ಯಾಸ್ ಉರಿದರೆ ಹೆಚ್ಚುಕಡಿಮೆ ಒಂದು ಗ್ಯಾಲನ್ ನೀರು ಹುಟ್ಟುತ್ತದೆ. ಬಹುಪಾಲು ಹೊಗೆಕೊಳವೆಯಲ್ಲಿ ಹೋಗುತ್ತದೆ, ಸ್ವಲ್ಪ ಪಿಸ್ಟನ್ ಪಕ್ಕದಿಂದ ನುಸುಳಿ ಎಣ್ಣೆಗೆ ಸೇರುತ್ತದೆ. ಜೊತೆಗೆ ಅರೆಬೆಂದ ಇಂಧನ, ಮಸಿ, ಆಮ್ಲ. ಎಣ್ಣೆ ಚೆನ್ನಾಗಿ ಕಾದರೆ ನೀರೂ ಇಂಧನವೂ ಆವಿಯಾಗಿ ಹೋಗುತ್ತವೆ. ಓಹಾಯೋದ ಜನವರಿಯಲ್ಲಿ ಎಂಟು ನಿಮಿಷ ಓಡಿಸಿ ನಿಲ್ಲಿಸಿದರೆ ಅದು ಕಾಯುವುದೆಲ್ಲಿ? ಎಲ್ಲಾ ಸೇರಿ ಗಸಿಯಾಗುತ್ತದೆ, ಅದೇ ಸ್ಲಡ್ಜ್. ಇನ್ನೊಂದು ಕಡೆ ಪಿಸ್ಟನ್ನಿನ ಉಂಗುರಗಳ ಹತ್ತಿರ 200 ಡಿಗ್ರಿ ಸೆಲ್ಸಿಯಸ್ ದಾಟುವ ಶಾಖ. ಅಲ್ಲಿ ಹಳೇ ಎಣ್ಣೆ ಬಜ್ಜಿ ಬಾಣಲೆಯ ಅಂಚಿನ ಜಿಡ್ಡಿನಂತೆ ಸುಟ್ಟು ಅಂಟಿಕೊಳ್ಳುತ್ತದೆ. ಪಿಸ್ಟನ್ನಿನ ಮೂರನೆಯ ಉಂಗುರದ ಕೆಲಸ ಸಿಲಿಂಡರ್ ಗೋಡೆಯ ಎಣ್ಣೆಯನ್ನು ಕೆರೆದು ಕೆಳಗೆ ಕಳಿಸುವುದು. ಅದರ ಸಣ್ಣ ತೂತುಗಳು ಮುಚ್ಚಿದರೆ ಎಣ್ಣೆ ಮೇಲೇರಿ ಉರಿದುಹೋಗುತ್ತದೆ. ನಮ್ಮ ರೋಗಿಯ ಕುಡಿತದ ಗುಟ್ಟು ಇದೇ.

ಇದನ್ನು ತಡೆಯಲೆಂದೇ ಎಣ್ಣೆಯಲ್ಲಿ ಎರಡು ಔಷಧ ಬೆರೆಸಿರುತ್ತಾರೆ. ಒಂದು ಡಿಟರ್ಜೆಂಟ್. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು. ಆಮ್ಲವನ್ನು ಮುರಿಯುತ್ತವೆ, ಬಿಸಿ ಲೋಹದ ಮೇಲೆ ಕೊಳೆ ಕೂರಲು ಬಿಡುವುದಿಲ್ಲ. ಎರಡನೆಯದು ಡಿಸ್ಪರ್ಸೆಂಟ್. ನಮ್ಮ ಕೂಟದ ಪಿಕ್‌ನಿಕ್ಕಿನಲ್ಲಿ ಪುಂಡ ಹುಡುಗರು ಒಂದೆಡೆ ಗುಂಪುಗೂಡದಂತೆ ಒಬ್ಬೊಬ್ಬರ ಕೈಯನ್ನು ಒಬ್ಬೊಬ್ಬ ತಾಯಿ ಹಿಡಿದಿರುವುದಿಲ್ಲವೇ, ಹಾಗೆ ಮಸಿಯ ಕಣಗಳನ್ನು ಬಿಡಿಬಿಡಿಯಾಗಿ ತೇಲಿಸಿಟ್ಟಿರುತ್ತದೆ. ಆದ್ದರಿಂದ ಎಣ್ಣೆ ಕಪ್ಪಾಯಿತೆಂದು ಗಾಬರಿ ಬೇಡ. ಕೊಳೆ ಎಂಜಿನ್ನಿನ ಮೇಲಿಲ್ಲ, ಎಣ್ಣೆಯೊಳಗಿದೆ ಎಂದರ್ಥ. ಆದರೆ ತಾಯಂದಿರ ಸಂಖ್ಯೆಗೂ ಮಿತಿ ಉಂಟು. ಔಷಧ ಮುಗಿದ ಮೇಲೂ ಅದೇ ಎಣ್ಣೆ ಓಡಿಸಿದರೆ ಕೊಳೆ ಕೂತೇ ಕೂರುತ್ತದೆ.

ಇದನ್ನು ನನಗೆ ಮೊದಲು ಹೇಳಿದ್ದು ಪುಸ್ತಕವಲ್ಲ, ನಮ್ಮ ತಂದೆ. ಹಾಸನದ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ಎಣ್ಣೆಯನ್ನು ಎರಡು ಬೆರಳ ನಡುವೆ ಉಜ್ಜಿ ಮೂಸಿ ನೋಡುತ್ತಿದ್ದರು. 2018ರಲ್ಲಿ ಇಲ್ಲಿಗೆ ಬಂದಾಗ ಅವರಿಗೆ ಹೊತ್ತು ಹೋಗದೆ ಗರಾಜಿನಲ್ಲಿ ಬಾನೆಟ್ ತೆಗೆದು, ಎಣ್ಣೆ ಮುಚ್ಚಳ ತಿರುಗಿಸಿ ಒಳಗೆ ಟಾರ್ಚ್ ಬಿಟ್ಟರು. "ಹತ್ತಿರ ಹತ್ತಿರ ಓಡಿಸ್ತೀಯ ಅಂತ ಕಾಣುತ್ತೆ. ಎಣ್ಣೆ ಬೇಗ ಬದಲಾಯಿಸು" ಎಂದರು. ಮುಚ್ಚಳದೊಳಗೆ ಮಜ್ಜಿಗೆಯಂಥ ಹಳದಿ ನೊರೆ. ಈಗಿನ ಕಾರುಗಳು ಹಾಗಲ್ಲಪ್ಪ, ಅಂದೆ. ಅವರು ಮುಚ್ಚಳ ಒರೆಸಿ ಹಾಕಿ ಒಳಗೆ ಹೋದರು. 2021ರಲ್ಲಿ ಅವರು ತೀರಿಕೊಂಡರು. 2023ರಲ್ಲಿ ಮೆಕ್ಯಾನಿಕ್ ವಾಲ್ವ್ ಕವರ್ ಬಿಚ್ಚಿ ಕಂದುಬಣ್ಣದ ಜಿಡ್ಡು ತೋರಿಸಿದಾಗ, ನಾನು ಅದನ್ನು ಬೆರಳಲ್ಲಿ ಮುಟ್ಟಿ ಮೂಸಿದೆ.

ಹಳಬರಿಗೆ ನೆನಪಿರಬಹುದು, 1997ರಿಂದ 2002ರವರೆಗಿನ ಕೆಲವು ಟೊಯೋಟಾ, ಲೆಕ್ಸಸ್ ಎಂಜಿನ್ನುಗಳಲ್ಲಿ ಈ ಗಸಿಯ ಗಲಾಟೆ ದೊಡ್ಡದಾಗಿ, 2002ರಲ್ಲಿ ಕಂಪನಿಯೇ ರಕ್ಷಣೆಯ ಅವಧಿಯನ್ನು ಎಂಟು ವರ್ಷಕ್ಕೆ ಏರಿಸಿತು. ನನ್ನದು ಆ ಕಂಪನಿಯ ಕಾರಲ್ಲ. ಇಲ್ಲಿ ತಪ್ಪು ಪೂರ್ತಿ ನನ್ನದೇ.

ಸರಿ, ಯಾವ ಎಣ್ಣೆ? ಮೊದಲು ಬಾಟಲಿ ತಿರುಗಿಸಿ ಹಿಂದೆ ಓದಿ. ಅಲ್ಲಿ ಎಪಿಐ ಮುದ್ರೆಯಲ್ಲಿ 2020ರಲ್ಲಿ ಬಂದ ಎಸ್‌ಪಿ ಅಥವಾ 2025ರ ಎಸ್‌ಕ್ಯೂ ಇರಲಿ. ಅಗ್ಗದ ಅಂಗಡಿಗಳಲ್ಲಿ ಎಸ್‌ಎ ಎಂಬ ಬಾಟಲಿ ಸಿಕ್ಕೀತು. ಅದು 1930ರ ನಂತರದ ಹೆಚ್ಚಿನ ಎಂಜಿನ್ನುಗಳಿಗೆ ಆಗಿಬರುವುದಿಲ್ಲವೆಂದು ಎಪಿಐ ಪಟ್ಟಿಯೇ ಹೇಳುತ್ತದೆ, ಮುಟ್ಟಬೇಡಿ. 5ಡಬ್ಲ್ಯು-30ಯೋ ಮತ್ತೊಂದೋ, ಮ್ಯಾನ್ಯುಯಲ್ ಹೇಳಿದ್ದನ್ನು ಬಿಟ್ಟು ಸ್ವಂತ ಬುದ್ಧಿ ಓಡಿಸಬೇಡಿ. ಸಿಂಥೆಟಿಕ್ ಶಾಖಕ್ಕೆ ಬೇಗ ಕೆಡುವುದಿಲ್ಲ, ಚಳಿಯಲ್ಲಿ ಬೇಗ ಹರಿಯುತ್ತದೆ, ಆ ಕಾರಣಕ್ಕೆ ದುಡ್ಡಿಗೆ ಮೋಸವಿಲ್ಲ. ಹೈ ಮೈಲೇಜ್ ಎಣ್ಣೆ ವ್ಯಾಲ್ವೋಲಿನ್ ಕಂಪನಿಯಿಂದ 2000ದಲ್ಲಿ ಬಂತು, 75,000 ಮೈಲಿ ದಾಟಿದ ಕಾರುಗಳಿಗೆ. ಒಣಗಿದ ರಬ್ಬರ್ ಸೀಲುಗಳನ್ನು ಮೆತ್ತಗಾಗಿಸುವ ವಸ್ತು ಅದರಲ್ಲಿರುತ್ತದೆ, ತೊಟ್ಟಿಕ್ಕುವ ಎಂಜಿನ್ನಿಗೆ ಒಳ್ಳೆಯದು. 2024ರಲ್ಲಿ ಅದೇ ಕಂಪನಿ ಪಿಸ್ಟನ್ನಿನ ಹಳೇ ಕೊಳೆಯನ್ನೇ ನಿಧಾನವಾಗಿ ತೆಗೆಯುತ್ತದೆ ಎಂದು ಇನ್ನೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಔಷಧ ಕಂಪನಿಗಳ ಮಾತು ಕೇಳಿ ಕೇಳಿ ಅನುಮಾನ ನನ್ನ ಸ್ವಭಾವವಾಗಿದೆ, ಆದರೂ ಕಡೆಯ ಎರಡು ಸಲ ಅದನ್ನೇ ಹಾಕಿದೆ.

ಮೆಕ್ಯಾನಿಕ್ ಮೊದಲು ಹೇಳಿದ್ದು ಎಂಜಿನ್ ಫ್ಲಷ್. ಒಂದು ಡಬ್ಬಿ ದ್ರಾವಕ ಸುರಿದು ಹತ್ತು ನಿಮಿಷದಲ್ಲಿ ಕ್ಲೀನ್. ನಾನು ಬೇಡವೆಂದೆ. ಕಾಲಿನ ರಕ್ತದ ಗಡ್ಡೆ ಕಳಚಿಕೊಂಡು ಶ್ವಾಸಕೋಶಕ್ಕೆ ಹೋದವರನ್ನು ನೋಡಿದವನು ನಾನು. ಗಸಿ ದಪ್ಪಗಿರುವ ಎಂಜಿನ್ನಿನಲ್ಲಿ ತುಂಡುಗಳು ಒಮ್ಮೆಲೇ ಕಳಚಿದರೆ ಎಣ್ಣೆ ಪಂಪಿನ ಜರಡಿಗೆ ಹೋಗಿ ಕೂರುತ್ತವೆ. ಬದಲಿಗೆ ಒಳ್ಳೇ ಸಿಂಥೆಟಿಕ್, ಪ್ರತಿ 3,000 ಮೈಲಿಗೆ ಬದಲಾವಣೆ, ಪ್ರತಿ ಸಲ ಹೊಸ ಫಿಲ್ಟರ್, ಪಿಸಿವಿ ವಾಲ್ವ್ ಹೊಸದು, ಭಾನುವಾರ 50 ಮೈಲಿ ದೂರದ ದೇವಸ್ಥಾನಕ್ಕೆ ಇದೇ ಕಾರು. ನಮ್ಮವಳು ನನಗೆ ದೈವಭಕ್ತಿ ಬಂತೆಂದು ಊರಿಗೆಲ್ಲ ಫೋನ್ ಮಾಡಿದಳು.

ರಕ್ತಪರೀಕ್ಷೆಯೂ ಆಯಿತು. ತೆಗೆದ ಎಣ್ಣೆಯ ಸಣ್ಣ ಬಾಟಲಿಯನ್ನು ಇಂಡಿಯಾನಾದ ಬ್ಲ್ಯಾಕ್‌ಸ್ಟೋನ್ ಲ್ಯಾಬಿಗೆ ಕಳಿಸಿದೆ. ಕಬ್ಬಿಣ, ತಾಮ್ರ ಮಿತಿಯಲ್ಲಿದ್ದವು, ಕೂಲಂಟ್ ಸೋರಿಕೆಯ ಗುರುತಿಲ್ಲ, ಸಿಲಿಕಾನ್ ಮಾತ್ರ ಜಾಸ್ತಿ. ಸಿಲಿಕಾನ್ ಎಂದರೆ ಧೂಳು. ಹೋಗಿ ನೋಡಿದರೆ ಏರ್ ಫಿಲ್ಟರ್ ನಾನೇ ಸೊಟ್ಟಗೆ ಕೂರಿಸಿದ್ದೆ!

ನಾಲ್ಕು ಬದಲಾವಣೆಗಳ ನಂತರ, 1,74,000 ಮೈಲಿಯಲ್ಲಿ, 2,200 ಮೈಲಿಗೆ ಒಂದು ಕ್ವಾರ್ಟ್ ಎಂಬಲ್ಲಿಗೆ ಕುಡಿತ ಇಳಿದಿದೆ. ಯಾವ ಔಷಧಕ್ಕೆ ಇಳಿಯಿತು? ಎಣ್ಣೆಗೋ, ಪಿಸಿವಿ ವಾಲ್ವಿಗೋ, ದೇವಸ್ಥಾನಕ್ಕೋ? ಎಲ್ಲಾ ಒಟ್ಟಿಗೇ ಮಾಡಿದ ಮೇಲೆ ಹೇಳಲಾಗದು. ಒಬ್ಬನೇ ರೋಗಿಯ ಇಂಥ ಕೇಸನ್ನು ಯಾವ ಜರ್ನಲ್ಲೂ ಹಾಕಿಕೊಳ್ಳುವುದಿಲ್ಲ.

ಆಗಸ್ಟಿನಲ್ಲಿ ಮಗಳು ಹೊರಟಳು. ಹಿಂದಿನ ದಿನ ಗರಾಜಿನಲ್ಲಿ ನಿಲ್ಲಿಸಿಕೊಂಡು ಒಂದೇ ಪಾಠ ಹೇಳಿದೆ: ಆ ಕೆಂಪು ದೀಪ ಎಣ್ಣೆ ಕಡಿಮೆಯಾಗಿದೆ ಎನ್ನುವುದಕ್ಕಲ್ಲ, ಒತ್ತಡವೇ ಬಿದ್ದುಹೋಗಿದೆ ಎನ್ನುವುದಕ್ಕೆ. ಅದು ಹತ್ತುವವರೆಗೆ ಕಾಯಬೇಡ, ಹತ್ತಿದರೆ ಆ ಕ್ಷಣವೇ ಪಕ್ಕಕ್ಕೆ ನಿಲ್ಲಿಸಿ ಆಫ್ ಮಾಡು. ಪ್ರತಿ ಭಾನುವಾರ ಸಮತಟ್ಟು ಜಾಗದಲ್ಲಿ ಡಿಪ್‌ಸ್ಟಿಕ್ ಒರೆಸಿ, ಮತ್ತೆ ಇಳಿಸಿ, ತೆಗೆದು ನೋಡಿ, ನನಗೆ ಫೋಟೋ ಕಳಿಸು. ಟ್ರಂಕಿನಲ್ಲಿ ಎರಡು ಕ್ವಾರ್ಟ್ ಇಟ್ಟಿದ್ದೇನೆ.

ಮೊದಲ ಭಾನುವಾರ ಫೋಟೋ ಬಂತು. ಕಡ್ಡಿಯನ್ನು ತಲೆಕೆಳಗಾಗಿ ಹಿಡಿದಿದ್ದಳು, ಎಣ್ಣೆ ಮೊಣಕೈವರೆಗೆ ಇಳಿದಿತ್ತು. ಕೆಳಗೆ ಒಂದು ಸಾಲು: "ಅಪ್ಪಾ, ಕಪ್ಪಗಿದೆ, ಓಕೆ ತಾನೆ?"