ಪಿನ್ ಗನ್ ನಮ್ಮೂರ ಬಡಿಗೇರರ ಕೈಗೂ ಬರಲಿ

ವಳಕಮದಿನ್ನಿಯಿಂದ ಹಿಡಿದು ಮಸ್ಕಿ, ಸಿಂಧನೂರು, ಲಿಂಗಸೂಗೂರು ಸುತ್ತಿನ ಯಾವ ಊರಿಗೆ ಹೋದರೂ ಒಂದೆರಡು ಹೊಸ ಮನೆ ಏಳುತ್ತಿರುತ್ತವೆ. ಗೋಡೆಯನ್ನು ನಮ್ಮೂರ ಗೌಂಡಿಯೇ ಕಟ್ಟುತ್ತಾರೆ. ಬಾಗಿಲ ಚೌಕಟ್ಟನ್ನು ನಮ್ಮೂರ ಬಡಿಗೇರರೇ ನಿಲ್ಲಿಸುತ್ತಾರೆ. ಆದರೆ ದೇವರ ಮನೆಯ ಬಾಗಿಲಿಗೆ ಅಂಚುಪಟ್ಟಿ, ಶೋಕೇಸಿಗೆ ಬೀಡಿಂಗ್, ಅಡುಗೆಮನೆ ಕಪಾಟಿಗೆ ಪಟ್ಟಿ ಹಚ್ಚುವ ಹೊತ್ತಿಗೆ ಯಜಮಾನರು ಪಟ್ಟಣದವರಿಗೆ ಫೋನ್ ಮಾಡುತ್ತಾರೆ. ಯಾಕೆ ಅಂದರೆ, "ಅವರ ಹತ್ರ ಗನ್ ಐತ್ರಿ, ಫಿನಿಶಿಂಗ್ ಚಂದ ಬರ್ತದ" ಅನ್ನುವ ಉತ್ತರ.

ಈ ಮಾತಿನಲ್ಲಿ ಅರ್ಧ ನಿಜ ಇದೆ, ಅರ್ಧ ಇಲ್ಲ. ಎರಡನ್ನೂ ಬಿಡಿಸಿ ಹೇಳುವುದು ಅಗತ್ಯ ಅಂತ ನಮಗನ್ನಿಸಿತು. ಯಾಕೆಂದರೆ ಇದು ನಮ್ಮೂರಿನ ಒಂದು ಕಸುಬಿನ ಹೊಟ್ಟೆಪಾಡಿನ ಪ್ರಶ್ನೆ.

ಹಿಂದೆ ಬಡಿಗೇರರು ರೈತರಿಗೆ ಕೂರಿಗೆ, ಕುಂಟೆ, ಬಂಡಿ ಮಾಡಿಕೊಟ್ಟು ಸುಗ್ಗಿಯಲ್ಲಿ ಕಣದಿಂದ ಆಯ ಪಡೆಯುತ್ತಿದ್ದರು. ಟ್ರ್ಯಾಕ್ಟರ್ ಬಂತು, ಕೂರಿಗೆ ಕಬ್ಬಿಣದ್ದಾಯಿತು, ಬಂಡಿ ಮೂಲೆ ಸೇರಿತು. ಉಳಿದದ್ದು ಹೊಸ ಮನೆಗಳ ಕಟ್ಟಿಗೆ ಕೆಲಸ. ಅದರಲ್ಲೂ ನಾಲ್ಕು ಕಾಸು ಹೆಚ್ಚು ಸಿಗುವುದು ಕೊನೆಯ ಫಿನಿಶಿಂಗ್ ಕೆಲಸಕ್ಕೆ. ಅದೂ ಊರ ಹೊರಗೆ ಹೋದರೆ ಮುರಿದ ಬಾಗಿಲಿಗೆ ತೇಪೆ ಹಾಕುವುದಷ್ಟೇ ಗತಿ.

ಮೊದಲು ನಿಜವಾದ ಅರ್ಧ. ತೆಳು ಬೀಡಿಂಗ್ ಪಟ್ಟಿಗೆ ಸುತ್ತಿಗೆಯಿಂದ ಮೊಳೆ ಹೊಡೆಯುವುದು ಕಷ್ಟ. ಒಂದು ಕೈ ಪಟ್ಟಿ ಹಿಡಿಯಬೇಕು, ಇನ್ನೊಂದು ಕೈ ಮೊಳೆಯನ್ನೂ ಸುತ್ತಿಗೆಯನ್ನೂ ನೋಡಬೇಕು. ಅಷ್ಟರಲ್ಲಿ ಪಟ್ಟಿ ಜಾರುತ್ತದೆ, ತುದಿ ಸೀಳುತ್ತದೆ, ಏಟು ತಪ್ಪಿದರೆ ಸುತ್ತಿಗೆಯ ಗುರುತು ಬೀಳುತ್ತದೆ. ಪಿನ್ ಗನ್ ಗಾಳಿಯ ಒತ್ತಡದಿಂದ ಕೆಲಸ ಮಾಡುತ್ತದೆ. ಕಂಪ್ರೆಸರ್‌ನಿಂದ ಪೈಪಿನಲ್ಲಿ ಬಂದ ಗಾಳಿ ಒಳಗಿನ ಪಿಸ್ಟನ್ನನ್ನು ತಳ್ಳಿ, ಕಣ್ಣು ಮಿಟುಕಿಸುವಷ್ಟರಲ್ಲಿ ಪಿನ್ನನ್ನು ಕಟ್ಟಿಗೆಯೊಳಗೆ ಇಳಿಸುತ್ತದೆ. 23 ಗೇಜಿನ ಪಿನ್ ಸುಮಾರು 0.6 ಮಿಲಿಮೀಟರ್ ದಪ್ಪ, ಅದಕ್ಕೆ ತಲೆಯೇ ಇಲ್ಲ. ಹೊಡೆದ ಜಾಗ ಹುಡುಕಿದರೂ ಸಿಗುವುದು ಕಷ್ಟ. ಪುಟ್ಟಿಯ ಕೆಲಸವೂ ಕಡಿಮೆ.

ಇನ್ನು ನಿಜವಲ್ಲದ ಅರ್ಧ. ಗನ್ ಇದ್ದ ಮಾತ್ರಕ್ಕೆ ಫಿನಿಶಿಂಗ್ ಬರುವುದಿಲ್ಲ. ತಲೆಯಿಲ್ಲದ ಪಿನ್ನಿಗೆ ಪಟ್ಟಿಯನ್ನು ಕಾಯಂ ಹಿಡಿದಿಡುವ ಶಕ್ತಿ ಇಲ್ಲ. ಅಂಟು ಒಣಗುವವರೆಗೆ ಪಟ್ಟಿ ಅಲುಗಾಡದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಹಿಡಿಯುವುದು ಅಂಟು.

ಇದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. ಅಮೆರಿಕದಲ್ಲಿ ಎರಡನೇ ಮಹಾಯುದ್ಧದ ಕಾಲದಲ್ಲಿ ಹೊವಾರ್ಡ್ ಹ್ಯೂಸ್ ಅವರ ಕಂಪನಿ ಕಟ್ಟಿಗೆಯ ಒಂದು ಭಾರೀ ವಿಮಾನ ಕಟ್ಟಲು ಹೊರಟಿತು. ಅದರ ರೆಕ್ಕೆಯ ಉದ್ದವೇ ಸುಮಾರು 320 ಅಡಿ. ಆ ಕೆಲಸಕ್ಕಾಗಿ ಮಾರಿಸ್ ಪೈನೂಸ್ ಎಂಬ ಎಂಜಿನಿಯರ್ ಮೊಳೆ ಗನ್ ರೂಪಿಸಿದರು. ಕಟ್ಟಿಗೆ ಹಾಳೆಗಳಿಗೆ ಅಂಟು ಹಚ್ಚಿ, ಗನ್ನಿನಿಂದ ಮೊಳೆ ಹೊಡೆದು, ಅಂಟು ಒಣಗಿದ ಮೇಲೆ ಮೊಳೆಗಳನ್ನು ಕಿತ್ತು ತೆಗೆದರು. 1947ರ ನವೆಂಬರ್ 2ರಂದು ಆ ವಿಮಾನ ನೀರಿನ ಮೇಲಿಂದ ಎದ್ದು ಒಮ್ಮೆ ಹಾರಿತು. ಅಷ್ಟು ದೊಡ್ಡ ವಿಮಾನಕ್ಕೇ ಮೊಳೆ ಬರೀ ತಾತ್ಕಾಲಿಕ ಆಸರೆ. ನಮ್ಮ ಶೋಕೇಸ್ ಯಾವ ಲೆಕ್ಕ?

ಆದ್ದರಿಂದ ಅಂಟು ಹಚ್ಚದೆ ಟಕಟಕ ಪಿನ್ ಹೊಡೆದು ಹೋದವರ ಕೆಲಸ ನಮ್ಮ ರಾಯಚೂರು ಜಿಲ್ಲೆಯ ಬಿಸಿಲಿಗೆ ಬಾಳುವುದಿಲ್ಲ. ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಕುಗ್ಗುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಅಂಟಿಲ್ಲದ ಪಟ್ಟಿ ಪಿನ್ನಿನಿಂದ ಕಳಚಿಕೊಂಡು ಬಾಯಿ ಬಿಡುತ್ತದೆ. ಇನ್ನು ಗೋಡೆ ಸರಿಯಾಗಿ ಮೂಲೆಮಟ್ಟಕ್ಕೆ ಇರದಿದ್ದರೆ 45 ಡಿಗ್ರಿಗೆ ಕತ್ತರಿಸಿದ ಪಟ್ಟಿಯೂ ಮೂಲೆಯಲ್ಲಿ ಕೂಡುವುದಿಲ್ಲ. ಅಲ್ಲಿ ಕೂದಲೆಳೆಯಷ್ಟು ಕೀಸಿ ಕೂಡಿಸುವುದು ಕಣ್ಣು ಮತ್ತು ಕೈಯ ಕೆಲಸ. ಅದು ನಮ್ಮ ಬಡಿಗೇರರಿಗೆ ಬಾಲ್ಯದಿಂದ ಬಂದದ್ದು. ಅವರಲ್ಲಿ ಇಲ್ಲದಿರುವುದು ಗನ್ ಒಂದೇ. ಗನ್ ಕೊಳ್ಳಬಹುದು, ಆ ಕೈ ಕೊಳ್ಳಲಾಗದು.

ಹಾಗಾದರೆ ಗನ್ನಿಗೆ ದುಡ್ಡು? ಸಾಮಾನ್ಯ ದರ್ಜೆಯ ಪಿನ್ ಗನ್ ಮತ್ತು ಚಿಕ್ಕ ಕಂಪ್ರೆಸರ್ ಎರಡೂ ಸೇರಿ 15 ಸಾವಿರ ರೂಪಾಯಿಯೊಳಗೆ ಸಿಗುತ್ತವೆ. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನವೂ ಇದೆ. ತರಬೇತಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15 ಸಾವಿರದವರೆಗೆ ನೆರವು. ಈ ನೆರವು ನಗದಲ್ಲ, ವೋಚರ್ ರೂಪದಲ್ಲಿ ಬರುತ್ತದೆ. ಒತ್ತೆಯಿಲ್ಲದೆ ಶೇ 5ರ ಬಡ್ಡಿಗೆ ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಸಾಲವೂ ಇದೆ, 18 ತಿಂಗಳಲ್ಲಿ ತೀರಿಸಬೇಕು. ಕುಟುಂಬಕ್ಕೆ ಒಬ್ಬರಿಗೆ ಮಾತ್ರ ಅವಕಾಶ. ಸಿಎಸ್‌ಸಿ ಕೇಂದ್ರದಲ್ಲಿ ನೋಂದಣಿ ಉಚಿತ, ಮೊದಲ ಪರಿಶೀಲನೆ ನಡೆಯುವುದು ಗ್ರಾಮ ಪಂಚಾಯಿತಿಯಲ್ಲೇ.

ನಮ್ಮ ಸಲಹೆ ಇಷ್ಟು. ವೋಚರ್ ಬಳಸುವ ಮುಂಚೆ ಸಲಕರಣೆ ಪಟ್ಟಿಯಲ್ಲಿ ಏನೇನಿದೆ ಎಂದು ಕೇಳಿ ನೋಡಿ. ಗನ್ ಒಂದನ್ನೇ ತಂದು ಕಂಪ್ರೆಸರ್ ಇಲ್ಲದೆ ಕೂತರೆ ಎತ್ತಿಲ್ಲದ ಬಂಡಿಯಂತೆ. ಒಬ್ಬರಿಗೇ ಭಾರವಾದರೆ ಇಬ್ಬರು ಮೂವರು ಬಡಿಗೇರರು ಕೂಡಿ ಒಂದು ಕಂಪ್ರೆಸರ್ ಇಟ್ಟುಕೊಳ್ಳಲಿ, ಗನ್ ಅವರವರದೇ ಇರಲಿ. ಪಿನ್ ಗನ್ನಿಗೆ ಗಾಳಿ ಬಹಳ ಕಡಿಮೆ ಸಾಕು. ಟ್ಯಾಂಕ್ ತುಂಬಿದ್ದರೆ ಕರೆಂಟ್ ಹೋದ ಮೇಲೂ ಸ್ವಲ್ಪ ಹೊತ್ತು ಕೆಲಸ ನಡೆಯುತ್ತದೆ. ನಮ್ಮ ಊರುಗಳಿಗೆ ಇದು ದೊಡ್ಡ ಅನುಕೂಲ.

ಹೊಸದಾಗಿ ಹಿಡಿಯುವವರಿಗೆ ಕೆಲವು ಮಾತು. ಒತ್ತಡ ಸಾಮಾನ್ಯವಾಗಿ 60ರಿಂದ 100 ಪಿಎಸ್‌ಐ ನಡುವೆ ಇರಲಿ. ಕಡಿಮೆಯಿಂದ ಶುರು ಮಾಡಿ, ಬೇಡವಾದ ತುಂಡಿನ ಮೇಲೆ ಹೊಡೆದು ನೋಡಿ ಹೊಂದಿಸಿಕೊಳ್ಳಿ. ಸಾಗವಾನಿ, ಪ್ಲೈವುಡ್‌ಗೆ ಪಿನ್ ಸಲೀಸಾಗಿ ಇಳಿಯುತ್ತದೆ. ಕರಿಜಾಲಿಯಂಥ ಗಟ್ಟಿ ಕಟ್ಟಿಗೆಯಲ್ಲಿ ಬಾಗಿ ಪಕ್ಕದಿಂದ ಹೊರಗೆ ಬರಬಹುದು. ಹಾಗಾಗಿ ಪಟ್ಟಿ ಹಿಡಿದ ಬೆರಳು ಪಿನ್ನಿನ ಉದ್ದಕ್ಕಿಂತ ದೂರವೇ ಇರಬೇಕು. ಕಣ್ಣಿಗೆ ಕನ್ನಡಕ ಇರಲಿ. ಪಿನ್ ಸಿಕ್ಕಿಕೊಂಡರೆ ಮೊದಲು ಗಾಳಿ ಪೈಪ್ ಬಿಚ್ಚಿ, ಆಮೇಲೆ ಗನ್ನಿಗೆ ಕೈ ಹಚ್ಚಿ. ಸಂಜೆ ಟ್ಯಾಂಕಿನ ನೀರು ಬಸಿಯಿರಿ. ಎಲ್ಲಕ್ಕಿಂತ ಮುಖ್ಯ: ಕಂಪ್ರೆಸರ್ ಇಲ್ಲವೆಂದು ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರಿಗೆ ಗನ್ ಜೋಡಿಸಲೇಬೇಡಿ. ಗನ್ ಸಿಡಿದು ಜೀವಕ್ಕೇ ಅಪಾಯ.

ಕೊನೆಯ ಮಾತು ಮನೆ ಕಟ್ಟಿಸುವ ಯಜಮಾನರಿಗೆ. ಗನ್ ಬಂದ ಮೇಲೆ ಎರಡು ದಿನದ ಕೆಲಸ ಒಂದೇ ದಿನಕ್ಕೆ ಮುಗಿದರೆ, "ಒಂದೇ ದಿನ ಬಂದೀಯಲ್ಲಪ್ಪಾ" ಎಂದು ಒಂದೇ ದಿನದ ಪಗಾರ ಕೊಡುವುದು ನ್ಯಾಯವಲ್ಲ. ಉಪಕರಣ ಅವರದು, ಪಿನ್ ಅವರದು, ಕೈಚಳಕವೂ ಅವರದು. ಪಟ್ಟಣದವರಿಗೆ ಅಡಿ ಲೆಕ್ಕದಲ್ಲಿ ಎಷ್ಟು ಕೊಡುತ್ತೀರೋ ಅದೇ ಅಡಿ ಲೆಕ್ಕವನ್ನು ನಮ್ಮೂರವರಿಗೂ ಕೊಡಿ. ಕೆಲಸ ಒಪ್ಪಿಸುವಾಗ "ಗನ್ ಐತೇನು" ಅಂತ ಒಂದೇ ಕೇಳಬೇಡಿ, "ಅಂಟು ಯಾವುದು, ಎಷ್ಟು ಹೊತ್ತು ಒಣಗಲು ಬಿಡ್ತೀರಿ" ಅಂತಲೂ ಕೇಳಿ. ಮೂಲೆಯ ಕೂಡಿಕೆಗೆ ಉಗುರು ಆಡಿಸಿ ನೋಡಿ, ಉಗುರು ತಡೆಯದೆ ಜಾರಿದರೆ ಅದು ಒಳ್ಳೆಯ ಕೆಲಸ.

ನಾಳೆ ಮಳೆಗಾಲದಲ್ಲಿ ಪಟ್ಟಿ ಬಾಯಿ ಬಿಟ್ಟರೆ ಪಟ್ಟಣದವರ ಫೋನ್ ಹತ್ತುತ್ತದೋ ಇಲ್ಲವೋ. ನಮ್ಮೂರ ಬಡಿಗೇರರ ಮನೆ ಎರಡು ಓಣಿ ಆಚೆಗಿದೆ.