ಪ್ರಾಕ್ಸಿ ಹಾಕಿದವರೇ ಅದರ ವಿಳಾಸವನ್ನೂ ಗೋಡೆಗೆ ಬರೆಸಲಿ

ಐಐಟಿ ಬಾಂಬೆಯ ಫಾಸ್ಸಿ ತಂಡ ಸಿದ್ಧಪಡಿಸಿರುವ ‘ಇಸಿಮ್’ ತಂತ್ರಾಂಶವನ್ನು ಉಬುಂಟು ಕಂಪ್ಯೂಟರಿಗೆ ಹಾಕಲು ಅದರ ಇನ್‌ಸ್ಟಾಲ್ ಸ್ಕ್ರಿಪ್ಟ್ ಓಡಿಸಿದರೆ, ಶುರುವಿನಲ್ಲೇ ಅದೊಂದು ಪ್ರಶ್ನೆ ಕೇಳುತ್ತದೆ: ನಿಮ್ಮ ಇಂಟರ್ನೆಟ್ ಪ್ರಾಕ್ಸಿ ಮೂಲಕ ಬರುತ್ತದೆಯೇ? ಹೌದೆಂದರೆ ಪ್ರಾಕ್ಸಿಯ ವಿಳಾಸ, ಪೋರ್ಟ್, ಬಳಕೆದಾರರ ಹೆಸರು, ಪಾಸ್‌ವರ್ಡ್ ಒಂದೊಂದಾಗಿ ಕೇಳಿ ಮುಂದೆ ಹೋಗುತ್ತದೆ. ನಾನು ಬೀದರ್ ಜಿಲ್ಲೆಯ ನಾರಾಯಣಪುರದವನು, ಬಸವಕಲ್ಯಾಣ, ಹುಮನಾಬಾದ್ ಕಡೆಯ ಕಾಲೇಜು ಲ್ಯಾಬ್‌ಗಳಲ್ಲಿ ದುಡಿದವನು. ಆ ಒಂದು ಪ್ರಶ್ನೆ ನಮ್ಮಂಥವರಿಗೆ ಎಷ್ಟು ದೊಡ್ಡ ಉಪಕಾರ ಎಂಬುದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಬಹುಪಾಲು ಸ್ಕ್ರಿಪ್ಟ್‌ಗಳು ಕೇಳುವುದೇ ಇಲ್ಲ. ನೇರ ಇಂಟರ್ನೆಟ್ ಇದೆ ಎಂದೇ ನಂಬಿಕೊಂಡು ಹೊರಟು, ಅರ್ಧ ದಾರಿಯಲ್ಲಿ ನಿಂತುಬಿಡುತ್ತವೆ.

ಇಸಿಮ್ ಎಂದರೆ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬರೆದು, ಅದು ಹೇಗೆ ನಡೆಯುತ್ತದೆಂದು ಪರೀಕ್ಷಿಸಿ ನೋಡುವ ತಂತ್ರಾಂಶ. ಕೈಕ್ಯಾಡ್, ಎನ್‌ಜಿಸ್ಪೈಸ್, ಜಿಎಚ್‌ಡಿಎಲ್ ಎಂಬ ಮುಕ್ತ ತಂತ್ರಾಂಶಗಳನ್ನು ಒಟ್ಟುಗೂಡಿಸಿ ಮಾಡಿದ್ದು. ಕೇಂದ್ರ ಶಿಕ್ಷಣ ಸಚಿವಾಲಯದ ಹಣದಲ್ಲಿ ತಯಾರಾಗಿದೆ, ಕಾಸು ಕೊಡಬೇಕಿಲ್ಲ. ದುಬಾರಿ ಲೈಸೆನ್ಸ್ ಕೊಳ್ಳಲಾಗದ ನಮ್ಮ ಭಾಗದ ಕಾಲೇಜಿಗೆ ಇದಕ್ಕಿಂತ ಒಳ್ಳೆಯದು ಬೇರೆ ಬೇಕಿಲ್ಲ. ಆದರೆ ಲ್ಯಾಬಿನ ಕಂಪ್ಯೂಟರಿಗೆ ಇಳಿದರೆ ತಾನೇ ಉಪಯೋಗ?

ಪ್ರಾಕ್ಸಿ ಎಂದರೆ ನಮ್ಮ ಪರವಾಗಿ ಹೊರಗೆ ಹೋಗಿ ಬೇಕಾದ್ದನ್ನು ತಂದುಕೊಡುವ ನಡುವಿನ ಕಂಪ್ಯೂಟರ್. ಬ್ರೌಸರಿನಲ್ಲಿ ಅದರ ವಿಳಾಸವನ್ನು ಒಮ್ಮೆ ಹಾಕಿಟ್ಟಿರುತ್ತಾರೆ, ಹಾಗಾಗಿ ಯೂಟ್ಯೂಬ್ ತೆರೆಯುತ್ತದೆ, ರಿಸಲ್ಟ್ ಕಾಣುತ್ತದೆ. ಟರ್ಮಿನಲ್‌ಗೆ ಆ ವಿಳಾಸ ಯಾರೂ ಹೇಳಿರುವುದಿಲ್ಲ. ಹೀಗಿರುವಾಗ ಪ್ರಾಕ್ಸಿ ಕೇಳದ ಸ್ಕ್ರಿಪ್ಟೊಂದನ್ನು ಹುಡುಗಿಯೊಬ್ಬಳು ಓಡಿಸುತ್ತಾಳೆ. ‘ಇನ್.ಆರ್ಕೈವ್.ಉಬುಂಟು.ಕಾಮ್’ ಎಂಬ ಹೆಸರು ಪತ್ತೆಯಾಗಲಿಲ್ಲ ಎಂದು ಇಂಗ್ಲಿಷಿನಲ್ಲಿ ಸಾಲು ಮೇಲೆ ಸಾಲು ಬರುತ್ತದೆ. ಪಕ್ಕದ ಕಿಟಕಿಯಲ್ಲಿ ಇಂಟರ್ನೆಟ್ ಚೆನ್ನಾಗಿಯೇ ಇದೆ. ಆಕೆ ಎದ್ದು ಬಂದು ಹೇಳುವುದು ಒಂದೇ ಮಾತು: “ಇನ್‌ಸ್ಟಾಲ್ ಆಗಲತ್ತಿಲ್ರೀ ಸರ್, ನನಗ ಲಿನಕ್ಸ್ ಬರಂಗಿಲ್ಲ.”

ಈ ಮಾತೇ ನನ್ನನ್ನು ಸಂಕಟಕ್ಕೆ ದೂಡುವುದು. ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಬಂದ ಮಗು ಕಾಲೇಜಿನವರು ಹೇಳದೇ ಬಿಟ್ಟ ಒಂದು ವಿಳಾಸಕ್ಕಾಗಿ ತನ್ನ ಬುದ್ಧಿಯನ್ನೇ ದೂರಿಕೊಳ್ಳುತ್ತದೆ. ಹೆಸರು ಪತ್ತೆಯಾಗಲಿಲ್ಲ ಎಂದು ಬಂದರೆ, ಸಾಮಾನ್ಯವಾಗಿ ಆ ಕೋರಿಕೆ ಪ್ರಾಕ್ಸಿಯ ಬಳಿಗೇ ಹೋಗಿಲ್ಲ, ನೇರ ಹೊರಗೆ ನುಗ್ಗಲು ನೋಡಿದೆ ಎಂದು ಅರ್ಥ. 407 ಎಂಬ ಅಂಕಿ ಬಂದರೆ ಪ್ರಾಕ್ಸಿಯವರೆಗೆ ಮುಟ್ಟಿದೆ, ಹೆಸರು–ಪಾಸ್‌ವರ್ಡ್ ಒಪ್ಪಿಗೆಯಾಗಿಲ್ಲ. ಇಷ್ಟು ತಿಳಿದರೆ ಅರ್ಧ ಗೊಂದಲ ಹರಿಯುತ್ತದೆ. ಇದನ್ನು ತಿಳಿಸಲು ಐದು ನಿಮಿಷ ಸಾಕು. ಆ ಐದು ನಿಮಿಷ ಯಾವ ಪಠ್ಯಕ್ರಮದಲ್ಲೂ ನನಗೆ ಕಂಡಿಲ್ಲ.

ವಿಳಾಸ ಹಾಕಿದ ಮೇಲೂ ತೊಡಕು ಮುಗಿಯುವುದಿಲ್ಲ. ನಮ್ಮಲ್ಲಿ ಪಾಸ್‌ವರ್ಡ್ ಕೊನೆಗೆ @123 ಎಂದು ಇಟ್ಟುಕೊಳ್ಳುವವರೇ ಹೆಚ್ಚು. ಪ್ರಾಕ್ಸಿ ವಿಳಾಸ ಬರೆಯುವ ಕ್ರಮದಲ್ಲಿ @ ಗುರುತು ಪಾಸ್‌ವರ್ಡ್ ಮುಗಿದು ಸರ್ವರ್ ಹೆಸರು ಶುರುವಾಯಿತು ಎಂಬುದಕ್ಕೆ ಮೀಸಲು. ಪಾಸ್‌ವರ್ಡಿನ ಒಳಗಿನ @ ಅನ್ನು %40 ಎಂದು ಬರೆಯದಿದ್ದರೆ ಎಲ್ಲವೂ ಕಲಸಿಹೋಗಬಹುದು. ಇದಕ್ಕಿಂತ ಕಾಡುವುದು ಆಡಳಿತಗಾರರ ಅಧಿಕಾರದಲ್ಲಿ ಆಜ್ಞೆ ನಡೆಸುವ ‘ಸುಡೋ’. ಪ್ರಾಕ್ಸಿ ವಿಳಾಸವನ್ನು ಟರ್ಮಿನಲ್‌ನಲ್ಲಿ ಸರಿಯಾಗಿ ಕೊಟ್ಟಿರುತ್ತೇವೆ. ಸ್ಕ್ರಿಪ್ಟ್ ಒಳಗಿಂದ ಸುಡೋ ಕರೆದ ಕೂಡಲೇ ಆ ವಿಳಾಸ ಕೈಬಿಟ್ಟುಹೋಗುತ್ತದೆ, ಏಕೆಂದರೆ ಸುಡೋ ಸುರಕ್ಷತೆಗಾಗಿ ಬಳಕೆದಾರರ ಪರಿಸರವನ್ನು ಒರೆಸಿಯೇ ಕೆಲಸ ಶುರು ಮಾಡುವುದು. ಉಬುಂಟು 22.04ರ ಸುಡೋಅರ್ಸ್ ಕಡತ ತೆರೆದು ನೋಡಿ. ಪ್ರಾಕ್ಸಿಯನ್ನು ಉಳಿಸಿಕೊಳ್ಳುವ ಸಾಲು ಅಲ್ಲೇ ಬರೆದಿದೆ, ಮುಂದೆ ಒಂದು ಹ್ಯಾಶ್ ಗುರುತು ಹಾಕಿ ಮಲಗಿಸಿದ್ದಾರೆ. ಆ ಗುರುತು ತೆಗೆದರೆ, ಇಲ್ಲವೇ ಪ್ಯಾಕೇಜ್ ಇಳಿಸುವ ಎಪಿಟಿಯ ಸಂರಚನೆಯಲ್ಲೇ ಪ್ರಾಕ್ಸಿ ಬರೆದಿಟ್ಟರೆ ಕೆಲಸ ಸಾಗುತ್ತದೆ. ಆದರೆ ಎಪಿಟಿಯ ಆ ಕಡತವನ್ನು ಸಾಮಾನ್ಯವಾಗಿ ಯಾರು ಬೇಕಾದರೂ ಓದಬಹುದು. ಅದರಲ್ಲಿ ಒಬ್ಬ ಮೇಷ್ಟ್ರ ಪಾಸ್‌ವರ್ಡ್ ಬರೆದಿಡುವುದು ತಪ್ಪು. ಅಂಥ ಕಂಪ್ಯೂಟರ್‌ಗಳನ್ನು ನಾನು ಕಣ್ಣಾರೆ ನೋಡಿದ್ದೇನೆ.

ಈ ಭಾಗದ ಒಂದು ಕಾಲೇಜಿನಲ್ಲಿ ಪ್ರಾಕ್ಸಿಯ ವಿವರ ಒಬ್ಬರೇ ಒಬ್ಬರ ಡೈರಿಯಲ್ಲಿತ್ತು. ಅವರು ರಜೆ ಹಾಕಿದರೆ ಲ್ಯಾಬಿಗೂ ರಜೆ. ಗುಟ್ಟು ಹೊರಬಿದ್ದರೆ ಮಕ್ಕಳು ಕೆಡುತ್ತಾರೆ ಎಂಬುದು ಅವರ ವಾದ. ಪ್ರಾಕ್ಸಿಯೇ ಬೇಡವೆಂದು ನಾನು ಹೇಳುತ್ತಿಲ್ಲ. ಇರುವ ಒಂದು ಸಂಪರ್ಕವನ್ನು ಇಡೀ ಕಾಲೇಜು ಹಂಚಿಕೊಳ್ಳಬೇಕು, ಬೇಡದ್ದನ್ನು ತಡೆಯಬೇಕು. ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಕಾಪಿಡಬೇಕು. ಇದೆಲ್ಲ ಒಪ್ಪತಕ್ಕದ್ದೇ. ಆದರೆ ಕಾವಲು ಇರುವುದು ಪಾಸ್‌ವರ್ಡಿನಲ್ಲಿ, ವಿಳಾಸದಲ್ಲಲ್ಲ. ವಿಳಾಸ ಮುಚ್ಚಿಟ್ಟು ಯಾರೂ ಏನನ್ನೂ ಕಾಪಾಡಿಲ್ಲ. ಪಾಠ ಮಾತ್ರ ನಿಂತಿದೆ.

ಪ್ರತಿ ಕಂಪ್ಯೂಟರಿಗೂ ಪಾಸ್‌ವರ್ಡ್ ಹಾಕುವುದಕ್ಕಿಂತಲೂ ಸಲೀಸಾದ ದಾರಿ ಇದೆ. ಪ್ಯಾಕೇಜ್‌ಗಳಿರುವ ಉಬುಂಟು ಭಂಡಾರದ ವಿಳಾಸಗಳಿಗೆ ಲ್ಯಾಬಿನ ಕಂಪ್ಯೂಟರ್‌ಗಳನ್ನು ಪಾಸ್‌ವರ್ಡ್ ಇಲ್ಲದೇ ಬಿಡಬಹುದು. ಅಷ್ಟು ವಿನಾಯಿತಿಗೆ ಯಾವ ಆಡಳಿತ ಮಂಡಳಿಯ ಸಭೆಯೂ ಬೇಕಿಲ್ಲ. ಲ್ಯಾಬಿನ ಮೂಲೆಯ ಹಳೆಯ ಕಂಪ್ಯೂಟರೊಂದಕ್ಕೆ ‘ಎಪಿಟಿ-ಕ್ಯಾಷರ್-ಎನ್‌ಜಿ’ ಹಾಕಿದರಂತೂ ಒಮ್ಮೆ ಇಳಿದ ಪ್ಯಾಕೇಜ್ ಅಲ್ಲೇ ಉಳಿದು, ಉಳಿದ ಕಂಪ್ಯೂಟರ್‌ಗಳಿಗೆ ಒಳಗಿನಿಂದಲೇ ಸಿಗುತ್ತದೆ. ಕರೆಂಟು ಹೋಗಿ ಬಂದು, ಹೊರಗಿನ ಸಂಪರ್ಕ ಕುಂಟುತ್ತಿರುವ ದಿನವೂ ಪಾಠ ಸಾಗುತ್ತದೆ. ನಮ್ಮಲ್ಲಿ ಅಂಥ ದಿನಗಳಿಗೇನೂ ಬರವಿಲ್ಲ.

ಐಐಟಿ ಬಾಂಬೆಯವರಲ್ಲೂ ಒಂದು ಬಿನ್ನಹ. ಅವರದೇ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಕನ್ನಡದಲ್ಲಿಯೂ ಇವೆ, ನಮ್ಮ ಮಕ್ಕಳು ಕೇಳಿ ಕಲಿಯುತ್ತಾರೆ. ಇಸಿಮ್ ಸ್ಕ್ರಿಪ್ಟ್ ಕೇಳುವ ಆ ಪ್ರಾಕ್ಸಿ ಪ್ರಶ್ನೆಯೂ ಕನ್ನಡದಲ್ಲಿ ಬರಲಿ. ಅದರ ಸೋರ್ಸ್ ಕೋಡ್ ಮುಕ್ತವಾಗಿದೆ. ಬೀದರ್ ಜಿಲ್ಲೆಯ ಯಾವ ವಿದ್ಯಾರ್ಥಿ ಬೇಕಾದರೂ ಆ ನಾಲ್ಕು ಸಾಲು ಬರೆದು ಕಳಿಸಬಹುದು.

ಮುಂದಿನ ಸೆಮಿಸ್ಟರ್ ಶುರುವಾಗುವುದರೊಳಗೆ ಪ್ರತಿ ಲ್ಯಾಬಿನ ಗೋಡೆಗೆ ಒಂದು ಹಾಳೆ ಅಂಟಿಸಿ. ಪ್ರಾಕ್ಸಿಯ ವಿಳಾಸ, ಪೋರ್ಟ್ 3128ಓ 8080ಓ ಎಂಬುದು, @ ಬದಲು ಏನು ಬರೆಯಬೇಕು, 407 ಬಂದರೆ ಏನರ್ಥ, ಎಲ್ಲ ಕನ್ನಡದಲ್ಲಿ, ಹಿಂದಿನ ಬೆಂಚಿಗೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ. ಪಾಸ್‌ವರ್ಡ್ ಮರೆತವರು ಯಾರನ್ನು ಕೇಳಬೇಕು, ಅವರು ರಜೆಯಲ್ಲಿದ್ದರೆ ಇನ್ನಾರನ್ನು ಕೇಳಬೇಕು ಎಂಬುದೂ ಅದರಲ್ಲಿರಲಿ.